ಆಶಿತಾಳನ್ನು ಓಡಿಸಿ

ಸೀಬ್
ಜನವರಿ ೧೮

ಲಕ್ಷಿತ್ ಸರ್ ಅವರಿಗೆ ನಮಸ್ಕಾರ.

ನಾಲ್ಕನೇ ಕ್ಲಾಸಿನ ಆಶಿತಾಳ ಅಮ್ಮ ನಾನು. ಈ ಗಲ್ಫಿನಲ್ಲಿ ನೀವೂ ನಮ್ಮ ಊರ ಕಡೆಯವರಾದ್ದರಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅವಳಿಗೆ ಆಸ್ತಮಾ, ಓಡಿಸಬೇಡಿ ಎಂದು ಜೂನಿನಲ್ಲಿ ಪತ್ರ ಕೊಟ್ಟಿದ್ದೆ. ಅಂದಿನಿಂದ ನಿಮ್ಮ ಪಿ.ಟಿ. ಪೀರಿಯಡ್ಡಿನಲ್ಲಿ ಎಲ್ಲರ ನೀರಿನ ಬಾಟಲಿ ಕಾಯುತ್ತ ಕೂರುತ್ತಾಳಂತೆ.

ಎರಡು ಹೊತ್ತಿನ ಇನ್‌ಹೇಲರ್ ಒಂದು ದಿನವೂ ತಪ್ಪಿಸಿಲ್ಲ. ಐದು ತಿಂಗಳಿಂದ ಕೆಮ್ಮಿಲ್ಲ, ಅವಳಿಗೆ ಒಳ್ಳೆಯ ನಿದ್ದೆ. ನಿದ್ದೆ ಇಲ್ಲದಿರುವುದು ನನಗೆ.

ನಿನ್ನೆ ಇಲ್ಲಿನ ಕ್ಲಿನಿಕ್ಕಿನಲ್ಲಿ, ನಮ್ಮ ಮಂಗಳೂರಿನವರೇ ಆದ ಡಾಕ್ಟರು, "ಓಡಿದ್ರೆ ಕೆಮ್ಮು ಬರ್ತದಾ ಮಗಾ?" ಎಂದು ಕೇಳಿದರು.

"ಐ ಡೋಂಟ್ ನೋ, ಡಾಕ್ಟರ್. ಅಮ್ಮ ಲೆಟರ್ ಕೊಟ್ಟಿದ್ದಾರೆ."

ಡಾಕ್ಟರು ನನ್ನತ್ತ ತಿರುಗಿದರು. "ಇಷ್ಟು ಚಂದ ಉಸಿರಾಡುವ ಹುಡುಗಿಗೆ ರಜೆ ಯಾಕೆ ಮಾರಾಯ್ರೆ?"

ಆ ಪತ್ರವನ್ನು ಹರಿದುಹಾಕಿ ಸರ್. ಗುರುವಾರದ ಕ್ರೀಡಾಕೂಟದ ಓಟಕ್ಕೆ ಅವಳ ಹೆಸರು ಸೇರಿಸಿ. ಹದಿನೈದು ನಿಮಿಷ ಮೊದಲು, ಓಡುವಾಗ ಉಬ್ಬಸ ಬಾರದಂತೆ, ನೀಲಿ ಇನ್‌ಹೇಲರ್ ಅವಳೇ ತೆಗೆದುಕೊಳ್ಳುತ್ತಾಳೆ. ಡಾಕ್ಟರ ಚೀಟಿ ಜೊತೆಗಿದೆ. ಧೂಳುಗಾಳಿ ಎದ್ದರೆ ಮಾತ್ರ ಬೇಡ.

ನಾನೂ ಬರುತ್ತೇನೆ. ಓಟದ ನಡುವೆ ಎದ್ದು ನಿಂತು, ನಿಲ್ಲಿಸಿ ಎಂದು ಕೈ ಬೀಸಿದರೆ ದಯವಿಟ್ಟು ನನ್ನನ್ನು ನೋಡಬೇಡಿ. ಅವಳನ್ನು ನೋಡಿ.

ಇಂತಿ,
ಯಶ್ಮಿತಾ