ದಿಂಬಿನಡಿಯ ಕಾರ್ಡು

ಅಂಗಡಿಯ ಹಿಂದಿನ ಕೋಣೆ
ಮಾರ್ಚ್ ೧೧, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೆ? ಎರಡು ವರ್ಷದಿಂದ ನನ್ನ ಫೋನ್ ಎತ್ತದವಳ ಆರೋಗ್ಯ ವಿಚಾರಿಸುವುದು ನನಗೇ ನಗು ತರಿಸುತ್ತದೆ. ಆದರೂ ಕೇಳದೆ ಮುಂದಕ್ಕೆ ಬರೆಯಲು ಮನಸ್ಸು ಬರುವುದಿಲ್ಲ. ನಮ್ಮ ಫ್ರೇಮ್ ಅಂಗಡಿಗೆ ಗಾಜು ತರುವ ಲಾರಿ ಡ್ರೈವರ್ ಇದನ್ನು ನಿನ್ನ ಕೈಗೇ ಕೊಡುತ್ತಾನೆ. ನನ್ನ ಮೇಲಿನ ಸಿಟ್ಟನ್ನು ಅವನ ಮೇಲೆ ತೀರಿಸಬೇಡ, ಪಾಪ.

ಕಳೆದ ತಿಂಗಳು ಅಪ್ಪನಿಗೆ ಸ್ಟ್ರೋಕ್ ಆಯಿತು. ಬಲಗೈ ಸ್ವಾಧೀನ ತಪ್ಪಿದೆ, ಮಾತು ಪೂರ್ತಿ ನಿಂತಿದೆ. ಈ ಹಿಂದಿನ ಕೋಣೆಯಲ್ಲೇ ಮಲಗಿಸಿದ್ದೇನೆ. ಬೇಕಾ ಎಂದರೂ ತಲೆಯಾಡಿಸುತ್ತಾರೆ, ಬೇಡವಾ ಎಂದರೂ ತಲೆಯಾಡಿಸುತ್ತಾರೆ. ಅಕ್ಷರ ಗುರುತು ಸಿಗುತ್ತಿಲ್ಲ, ಚಿತ್ರ ತೋರಿಸಿ ನೋಡಿ ಎಂದರು ಡಾಕ್ಟರು. ಕೈಗೆ ಸಿಕ್ಕಿದ್ದು ನೀನು ಬಿಟ್ಟುಹೋದ ಟ್ಯಾರೋ ಕಾರ್ಡುಗಳ ಪೆಟ್ಟಿಗೆ. ಇವು ಭವಿಷ್ಯ ಹೇಳುವುದಕ್ಕಲ್ಲ, ಎಲ್ಲರ ಒಳಗೂ ಒಬ್ಬ ರಾಜ, ಒಬ್ಬ ತಾಯಿ, ಒಬ್ಬ ಪೆದ್ದ, ಲಾಟೀನು ಹಿಡಿದ ಒಬ್ಬ ಮುದುಕ ಇರುತ್ತಾರೆ, ಅವರನ್ನು ಹೊರಗೆ ಕರೆಯುವುದಕ್ಕೆ ಎನ್ನುತ್ತಿದ್ದೆಯಲ್ಲ. ಜೀವಮಾನವೆಲ್ಲ ಬೇರೆಯವರ ಚಿತ್ರಗಳಿಗೆ ಕಟ್ಟು ಹಾಕಿದ ಅಪ್ಪ, "ಚಿತ್ರದ ಒಳಗೆ ನಮಗೇನು ಕೆಲಸ? ಅಂಚು ನೋಡು, ಸಾಕು" ಎಂದು ರೇಗಿದ್ದಕ್ಕೇ ತಾನೇ ನೀನು ಹೊರಟದ್ದು? ಈಗ ಅದೇ ಕಾರ್ಡುಗಳೇ ಅವರಿಗೆ ಬಾಯಿ. ಡಾಕ್ಟರು ಬಂದುಹೋದರೆ ಸಿಂಹಾಸನದ ರಾಜನನ್ನು ಎತ್ತುತ್ತಾರೆ. ನಾನು ಯಾರು ಎಂದರೆ, ಆಕಾಶ ನೋಡುತ್ತ ಬಂಡೆಯಂಚಿಗೆ ನಡೆಯುವ ಪೆದ್ದ. ಅದರಲ್ಲಿ ಮಾತ್ರ ಒಂದು ಚೂರೂ ತಡವರಿಸುವುದಿಲ್ಲ. ಅಕ್ಕ ಯಾರು ಎಂದಾಗ, ಬರಿಗೈಯಲ್ಲಿ ಸಿಂಹದ ಬಾಯಿ ಮುಚ್ಚುವ ಹೆಂಗಸನ್ನು ಎತ್ತಿ ದಿಂಬಿನಡಿ ಇಟ್ಟುಕೊಂಡರು. ವಾಪಸು ಕೊಡಲೇ ಇಲ್ಲ. ನಾನು ಗಾಜಿನ ಪೆಟ್ಟಿಗೆಗಳ ಹಿಂದೆ ಹೋಗಿ ಅತ್ತೆ.

ತಲೆಯಲ್ಲಿ ಇನ್ನೊಂದು ರಕ್ತನಾಳ ಕಟ್ಟಿಕೊಳ್ಳುತ್ತಿದೆಯಂತೆ. ಆಪರೇಷನ್ ಮಾಡಿದರೆ ಮಾತು ಬಂದರೂ ಬರಬಹುದು, ಅಪ್ಪ ಕಣ್ಣೇ ಬಿಡದೆಯೂ ಇರಬಹುದು. ಮಾಡದಿದ್ದರೆ ಕೆಲವೇ ತಿಂಗಳು. ಶುಕ್ರವಾರದೊಳಗೆ ನಾನು ಸಹಿ ಹಾಕಬೇಕು. ಕಾರ್ಡುಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿ, "ಅಪ್ಪಾ, ಆಪರೇಷನ್ ಮಾಡಿಸೋಣ್ವಾ?" ಎಂದು ಕೇಳಿದೆ. ಬಿಳಿ ಕುದುರೆಯ ಮೇಲಿನ ಅಸ್ಥಿಪಂಜರವನ್ನು, ಸಾವಿನ ಕಾರ್ಡನ್ನು ಎತ್ತಿದರು. ಮೂರು ದಿನ ಕೇಳಿದೆ, ಮೂರು ದಿನವೂ ಅದೇ. ಅದು ಸಾವಲ್ಲವೋ, ಹಳೆಯದು ಮುಗಿದು ಹೊಸದು ಶುರುವಾಗುವುದು, ಹಿಂದೆ ಸೂರ್ಯ ಹುಟ್ಟುತ್ತಿದ್ದಾನೆ ನೋಡು ಎಂದು ನೀನು ನನಗೆ ಹೇಳಿದ್ದೆ. ಅಪ್ಪನಿಗೆ ಹೇಳಿದ್ದೆಯಾ? ಅವತ್ತು ಅವರು ಪಕ್ಕದಲ್ಲೇ ಗಾಜು ಕೊಯ್ಯುತ್ತಿದ್ದರು. ನಿನ್ನ ಮಾತು ಕಿವಿಗೆ ಬಿದ್ದಿದ್ದರೆ, ಅವರು ಮಾಡಿಸು ಎನ್ನುತ್ತಿದ್ದಾರೆ. ಬಿದ್ದಿರದಿದ್ದರೆ, ಬೇಡ, ಸಾಯಲು ಬಿಡು ಎನ್ನುತ್ತಿದ್ದಾರೆ. ಯಾರನ್ನು ಕೇಳಲಿ? ಸಹಿಯ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದೇನೆ ಅಕ್ಕಾ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸಿಟ್ಟು ಎಷ್ಟಾದರೂ ಇರಲಿ, ನೀನು ಚೆನ್ನಾಗಿರು.

ನಿನ್ನ ತಮ್ಮ,
ಬಂಡೆಯಂಚಿನ ಪೆದ್ದ

ತಾ.ಕ.: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಇವತ್ತು ಬೆಳಿಗ್ಗೆ ಅಪ್ಪ ಆ ಕುದುರೆಯ ಕಾರ್ಡಿನ ಅಂಚನ್ನು ಎಡಗೈ ಬೆರಳಲ್ಲಿ ಅಳೆದು, ಬಾಗಿಲಾಚೆ ಫ್ರೇಮಿನ ಪಟ್ಟಿಗಳ ಕಡೆ ತೋರಿಸಿದರು, ಕಟ್ಟು ಹಾಕು ಅಂತ. ತೀರಿಕೊಂಡವರ ಫೋಟೋಗೆ ಕರಿ ಪಟ್ಟಿ, ಬದುಕಿರುವವರದಕ್ಕೆ ಚಿನ್ನದ ಬಣ್ಣದ್ದು, ಇದು ಅವರೇ ಕಲಿಸಿದ ರೂಢಿ. ಈಗಲಾದರೂ ಗೊತ್ತಾಗುತ್ತದೆ ಎಂದು ಎರಡನ್ನೂ ಅವರ ಮುಂದೆ ಹಿಡಿದೆ. ಎರಡನ್ನೂ ತಳ್ಳಿದರು. ದಿಂಬಿನಡಿಯಿಂದ ಸಿಂಹದ ಹೆಂಗಸನ್ನು ತೆಗೆದು ನನ್ನ ಕೈಗಿಟ್ಟರು. ಅದು ಈ ಲಕೋಟೆಯಲ್ಲಿದೆ. ಆಗಿನಿಂದ ದಿಂಬಿನಡಿ ಕೈಯಾಡಿಸಿ ಹುಡುಕುತ್ತಲೇ ಇದ್ದಾರೆ. ಶುಕ್ರವಾರದೊಳಗೆ ನೀನೇ ತಂದುಕೊಡು.