ಖಾಲಿ ಚೀಲದ ತೂಕ

ಉಳವಪ್ಪಾ,

ಇವತ್ತು ಅಂಗಡಿಯಲ್ಲಿ ಕಡಲೆ ಚೀಲ ತೂಗುವ ಕಾಟಾದ ಮೇಲೆ ನಾನೇ ಹತ್ತಿ ನಿಂತೆ. ನೂರಾ ಹದಿನಾಲ್ಕು ಕಿಲೊ. "ಸಾಹುಕಾರ್ರ, ಖಾಲಿ ಚೀಲದ ತೂಕ ಕಳೀಲೇನ್ರಿ?" ಅಂದ ಹಮಾಲ ಮಲಂಗಸಾಬ. ನಕ್ಕು ಕೆಳಗಿಳಿದೆ. ನೀನು ತೀರಿಕೊಂಡ ತಿಂಗಳು ಇದೇ ಕಾಟಾ ನಿನಗೂ ಅಷ್ಟೇ ತೋರಿಸಿತ್ತು.

ಮೂರು ಸಲ ಉಪವಾಸ ಬಿದ್ದು ತೂಕ ಇಳಿಸಿದೆ. ಮೂರು ಸಲವೂ ಹೋದದ್ದು ಬೀಗರನ್ನು ಕರೆದುಕೊಂಡು ವಾಪಸ್ ಬಂತು. "ಉಪವಾಸ ಬ್ಯಾಡ್ರಿ. ಒಂದೀಟು ಕಮ್ಮಿ ತಿನ್ರಿ, ದಿನಾ ನಡೀರಿ, ಜೀವ ಇರೂತನಕ," ಅಂದರು ಡಾಕ್ಟರು. ನಾಳೆ ಮುಂಜಾನೆ ಸೋಮೇಶ್ವರ ಗುಡಿಯವರೆಗೆ ಹೊರಟಿದ್ದೇನೆ.

ನಿನಗೂ ಅವರು ಅದನ್ನೇ ಹೇಳಿದ್ದರು, ನೀನೂ ಅದೇ ಗುಡಿಯ ದಾರಿ ಹಿಡಿದಿದ್ದೆ. ಆ ದಾರಿಯಲ್ಲಿನ ಮಿರ್ಚಿ ಬಂಡಿಯ ಹತ್ತಿರ ನಿಂತು, "ಬಾರಲೇ, ಒಂದ ತಿಂದ್ರ ಸಾಯ್ತೀಯೇನು?" ಅಂತ ದಿನಾ ಕರೆದವನು ನಾನು.

ಆ ಬಂಡಿ ಇನ್ನೂ ಅಲ್ಲೇ ಇದೆ. ನನ್ನನ್ನು ಕರೆಯುವವರು ಯಾರೂ ಇಲ್ಲ. ಆದರೂ ನಿಂತುಬಿಟ್ಟೇನು ಎಂದು ಅಂಜಿಕೆ.

ಅಯ್ಯೂಬ