ಓರೆ ನಿಂತ ದಾಳ

೯ ಫೆಬ್ರುವರಿ ೧೯೮೨, ಮಂಗಳವಾರ

ಬೆಳಿಗ್ಗೆ ಉಪ್ಪಿಲ್ಲದ ಗಂಜಿ. ತ್ರ್ಯಂಬಕ ಎರಡು ಚಮಚ ತಿಂದು ಬಟ್ಟಲು ಸರಿಸಿದ. ಪಾದದ ಬಾವು ಇಳಿದಿಲ್ಲ — ಬೆರಳೊತ್ತಿದರೆ ಕುಳಿ ಹಾಗೆಯೇ ಉಳಿಯುತ್ತದೆ. ಡಾಕ್ಟರು ಮತ್ತೆ ಅದನ್ನೇ ಹೇಳಿಹೋದರು. ಎರಡೂ ಕಿಡ್ನಿ ಸೋಲುತ್ತಿವೆ, ಮಿರಜಿನ ದೊಡ್ಡ ಆಸ್ಪತ್ರೆಗೆ ಒಯ್ಯಿರಿ, ತಡ ಮಾಡಬೇಡಿ. ಇವನು ಒಲ್ಲೆ ಎನ್ನುತ್ತಾನೆ. ಮೂವತ್ತು ದಾಟಿದ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಲಾದೀತೆ?

ಹಾಸಿಗೆಯ ಮೇಲೆ ಮತ್ತೆ ಅದೇ ಹಿತ್ತಾಳೆ ತಾಟು, ಅದೇ ದಾಳ. ಕಾಗದದ ಕ್ರಿಕೆಟ್. ಕಾಲೇಜಿನಿಂದ ಹಿಡಿದ ಹುಚ್ಚು. ನಾಲ್ವರು ಗೆಳೆಯರು, ನಾಲ್ಕು ಟೀಮು, ಆಟಗಾರರೆಲ್ಲ ಇವರ ತಲೆಯೊಳಗೆ ಹುಟ್ಟಿದವರು. ದಾಳದಲ್ಲಿ ಎಷ್ಟು ಬಿದ್ದರೆ ಅಷ್ಟು ರನ್, ಐದು ಬಿದ್ದರೆ ಔಟ್. ವರ್ಷಕ್ಕೊಂದು ಕಪ್. ಅದೂ ನನ್ನ ಅಡಿಗೆಮನೆಯಿಂದ ಹೋದದ್ದು, ಹಿಡಿಕೆ ಮುರಿದ ಚಹಾದ ಕಪ್ಪು. ಓದಿದವರು ಇವರು!

೧೧ ಫೆಬ್ರುವರಿ, ಗುರುವಾರ

ಇವತ್ತು ತಾನಾಗಿ ಬಾಯಿ ಬಿಟ್ಟ. ಈ ವರ್ಷದ ಕಪ್ಪಿಗೆ ಇವನ 'ಟಿಳಕವಾಡಿ', ಖಾನಾಪುರದ ಸಮದನ 'ಮಲಪ್ರಭಾ' ಸಮಸಮ ನಿಂತಿವೆಯಂತೆ. ಉಳಿದದ್ದು ಮೂರು ಮ್ಯಾಚು, ಮೂರೂ ಸಮದನ ಮನೆಯಲ್ಲಿ. ಎರಡು ಗೆದ್ದವರಿಗೆ ಕಪ್ಪು.

"ಕಪ್ ಬಂದ್ರ ಮಿರಜಿಗೆ ಬರ್ತೀನಿ, ಆಯಿ. ಸೋತ್ರ ಮತ್ತ ಆ ಮಾತು ತಗೀಬ್ಯಾಡ."

"ದಾಳಕ್ಕೂ ಮಿರಜಿಗೂ ಏನೋ ಸಂಬಂಧ?"

"ಡಾಕ್ಟರ್ ಮಾತಿಗೂ ನಾ ಉಳಿಯೂದಕ್ಕೂ ಎಷ್ಟೈತೋ ಅಷ್ಟ."

ಹೊಡೆಯಬೇಕೆನಿಸಿತು. ಆದರೆ ಇದು ಸುಮ್ಮನೆ ಆಡಿದ ಮಾತಲ್ಲ. ಒಮ್ಮೆ ಅಂದರೆ ಅಂದಂತೆಯೇ. ಈ ಹಟ ನನ್ನಿಂದ ಬಂದದ್ದು, ಬೇರೆ ಯಾರನ್ನು ಬೈಯಲಿ.

ಇವರ ಕಟ್ಟಳೆ ವಿಚಿತ್ರ. ಯಾರ ಮನೆಯಲ್ಲಿ ಆಟವೋ ಅಲ್ಲಿಗೆ ಹೋಗಿಯೇ ಆಡಬೇಕು. ಟೀಮಿನ ಒಡೆಯನಿಗೆ ಆಗದಿದ್ದರೆ ಮನೆಯವರು ಹೋಗಬಹುದು, ಗೆಳೆಯರು ಹೋಗುವಂತಿಲ್ಲ. ಹಿರಿಯ ಮಗ ಅವಧೂತನನ್ನು ಕೇಳಿದೆ.

"ನಾನ? ನಮ್ಮ ಆಫೀಸಿನಾಗ ಗೊತ್ತಾದ್ರ ಮಂದಿ ನಗ್ತಾರ, ಆಯಿ. ಕಾಗದದ ಮ್ಯಾಲಿನ ಮಂದೀನ್ನ ಆಡಸಾಕ ಖಾನಾಪುರಕ್ಕ ಹೋಗಲಿ?"

"ಹಂಗಾದ್ರ ನಾ ಹೋಗ್ತೀನಿ," ಎಂದೆ.

ಇಬ್ಬರೂ ನಕ್ಕರು. ತ್ರ್ಯಂಬಕ ನಕ್ಕದ್ದನ್ನು ನೋಡಿ ಎಷ್ಟು ದಿನವಾಗಿತ್ತು... ಆಟ ಹೇಳಿಕೊಡಲು ಕೂತ. ದಾಳ ಹಿಂಗ ಬಿದ್ರ, ಹಂಗ ಬಿದ್ರ — ನಡುವೆಯೇ ತಡೆದೆ. "ದಾಳ ನನಗ ಕಲಿಸ್ತೀ ಏನು? ಪಗಡಿ ಆಡಿ ಬೆಳದಾಕಿ ನಾ."

"ಆತು ತಗೋ. ಇವತ್ತಿನಿಂದ ನೀನ ಕ್ಯಾಪ್ಟನ್."

೧೪ ಫೆಬ್ರುವರಿ, ರವಿವಾರ, ಸಂಜೆ

ಬಸ್ಸಿನಲ್ಲಿ ಹೋಗಿ ಬಂದೆ. ಸಮದ ಕಟ್ಟಿಗೆ ಅಡ್ಡೆಯಲ್ಲಿ ಕಾರಕೂನ. ಮನೆ ಖಾನಾಪುರದ ಪೇಟೆಯ ಹಿಂದೆ, ಸಣ್ಣದು, ಚೊಕ್ಕಟ. ನನ್ನನ್ನು ನೋಡಿ ಎದ್ದು ನಿಂತವನು ಕೂರಲು ಮರೆತ. ಅವನ ತಾಯಿ ರಾಜಬೀ ಚಾಪೆ ಝಾಡಿಸಿ ಹಾಸಿದಳು. ಚಹಾ ತಂದಳು. ಒಲ್ಲೆ ಎಂದೆ. ನೀರಿನ ತಂಬಿಗೆ ಮನೆಯಿಂದಲೇ ಒಯ್ದಿದ್ದೆ.

"ಹೊರಗ ಏನೂ ತೊಗೊಳ್ಳಂಗಿಲ್ಲೇನ್ರಿ ಬಾಯಾರ?"

"ಯಾರ ಕೈಯಾಗಿಂದೂ ಏನೂ ತೊಗೊಂಡು ರೂಢಿಯಿಲ್ಲ."

ರಾಜಬೀ ಬೇಸರ ಮಾಡಿಕೊಳ್ಳಲಿಲ್ಲ. ಮಗನ ಕಡೆ ತಿರುಗಿ, "ನಿನ್ನ ಟೀಮ್ ಇವತ್ತ ಉಳಿಯೂದಿಲ್ಲ ನೋಡು," ಎಂದಳು.

ಉಳಿಯಲಿಲ್ಲ. ನಮ್ಮ ಆರಂಭದ ಆಟಗಾರ ಬಸಲಿಂಗಪ್ಪ ಒಬ್ಬನೇ ಅವರನ್ನು ಮುಗಿಸಿದ. ನನ್ನ ಕೈಯಿಂದ ಆರರ ಮೇಲೆ ಆರು. ಗೆದ್ದೆವು. ಮನೆಗೆ ಬಂದು ಒಂದೊಂದೇ ಎಸೆತ ಹೇಳಿದೆ. ತ್ರ್ಯಂಬಕ ಕಣ್ಣು ಮುಚ್ಚಿ ಕೇಳಿದ, ಕಥೆ ಕೇಳುವವನಂತೆ. ಗಂಜಿ ಪೂರ್ತಿ ಕುಡಿದ.

೨೧ ಫೆಬ್ರುವರಿ, ರವಿವಾರ

ಸೋತೆವು. ಬಸಲಿಂಗಪ್ಪ ಮೊದಲ ಎಸೆತಕ್ಕೇ ಔಟ್. ಕಡೆಗೆ ಆಡಲು ಬರುವ ಭರಮಪ್ಪನಂತೂ ದಂಡಪಿಂಡ. ಬಸ್ಸಿನಲ್ಲಿ ಕೂತು ಅವನನ್ನು ಬೈಯುತ್ತಾ ಬಂದೆ. ಇಲ್ಲದ ಮನುಷ್ಯನನ್ನು!

"ಭರಮಪ್ಪಗ ಬೈಬ್ಯಾಡ, ಆಯಿ," ತ್ರ್ಯಂಬಕನೆಂದ. "ಪಾಪ, ಅವನ ಅವ್ವ ಅವಂಗ ಬ್ಯಾಟ್ ಹಿಡಿಯಾಕ ಕಳಿಸಲಿಲ್ಲ, ದನಾ ಕಾಯಾಕ ಕಳಿಸಿದ್ಲು."

ನಗಿಸಲೆಂದೇ ಹೇಳಿದ. ಮುಖ ಊದಿಕೊಂಡು ಕಣ್ಣು ಸಣ್ಣಗಾಗಿವೆ. ಮಿರಜಿಗೆ ಈಗಲೇ ಹೋಗೋಣ ಎಂದೆ. "ಒಂದೊಂದು ಆಗೇತಿ, ಇನ್ನೊಂದೈತಿ," ಎಂದು ಗೋಡೆಯ ಕಡೆ ಹೊರಳಿದ. ಅವಧೂತ ಟ್ಯಾಕ್ಸಿಗೆ ಹೇಳಿಟ್ಟಿದ್ದಾನೆ. ಗೆದ್ದ ಮರುದಿನವೇ ಹೊರಡುವುದು.

೨೮ ಫೆಬ್ರುವರಿ, ರವಿವಾರ

ಮುಗಿಯಿತು. ನಾಳೆ ಬರೆಯುತ್ತೇನೆ.

೧ ಮಾರ್ಚ್, ಸೋಮವಾರ

ಬರೆಯಬೇಕು.

ಕಡೆಯ ಜೋಡಿ. ಆಡುವವನು ಭರಮಪ್ಪ. ಬೇಕಾದದ್ದು ಆರು, ಆಡಲು ಉಳಿದದ್ದು ಒಂದೇ ಎಸೆತ. ತ್ರ್ಯಂಬಕನ ಮುಖ ನೆನೆದು ಎಸೆದೆ. ದಾಳ ತಾಟಿನಲ್ಲಿ ಸುತ್ತಿ ಅಂಚಿಗೆ ಒರಗಿ ನಿಂತಿತು. ಅರ್ಧ ಮೇಲೆ, ಅರ್ಧ ಕೆಳಗೆ. ಕಾಣುತ್ತಿದ್ದದ್ದು ಆರು.

ಸಮದ ಬಗ್ಗಿ ನೋಡಿದ. "ಆರು, ಬಾಯಾರ. ನೀವು ಗೆದ್ರಿ."

ಓರೆ ನಿಂತ ದಾಳ. ನನ್ನ ತವರಿನ ಪಗಡೆಯಲ್ಲಿ ಅದು ದಾಳವೇ ಅಲ್ಲ, ಮತ್ತೆ ಎಸೆಯಬೇಕು. ಮನೆಯಲ್ಲಿ ಮಗ ಹಾಸಿಗೆ ಹಿಡಿದದ್ದು ಇವರಿಗೆ ಗೊತ್ತು. ಮರುಕದಿಂದ ಬಿಟ್ಟುಕೊಡುತ್ತಿದ್ದಾನೆ ಎಂದುಕೊಂಡೆ. ಮೈಯೆಲ್ಲ ಉರಿಯಿತು.

"ನನಗ ದಯಾ ತೋರಸಬ್ಯಾಡ್ರಿ. ಓರೆ ನಿಂತೈತಿ. ಮತ್ತ ಎಸೀತೀನಿ."

"ಹಂಗಲ್ರಿ, ನಮ್ಮೊಳಗ—"

"ಭಿಕ್ಷಾ ಬೇಡಾಕ ಬಂದಿಲ್ಲ ನಾನು."

ರಾಜಬೀ ಒಳಗಿನಿಂದ ಬಂದಳು. "ಕೊಟ್ಟದ್ದು ತೊಗೊಳ್ರಿ, ಬಾಯಿ. ಚಾ ಒಲ್ಲೆ ಅಂದ್ರಿ, ಆತು. ಇದನ್ನರ ತೊಗೊಳ್ರಿ."

ದಾಳ ಕೈಗೆತ್ತಿಕೊಂಡೆ. ಎಸೆದೆ.

ಐದು.

ಹಿಡಿಕೆ ಮುರಿದ ಕಪ್ಪು ಸಮದನ ಕಪಾಟಿನ ಮೇಲಿತ್ತು. ನನ್ನ ಮನೆಯ ಕಪ್ಪು.

ಮನೆಗೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ನಾನು ಸುಳ್ಳು ಹೇಳುವವಳಲ್ಲ. ತ್ರ್ಯಂಬಕ ಹಾಸಿಗೆಯ ಮೇಲಿನ ತಾಟಿನತ್ತ ಕೈ ಮಾಡಿದ.

"ಆಯಿ, ನಮ್ಮ ಆಟದಾಗ ಓರೆ ನಿಂತ ದಾಳಕ್ಕ ಮನಿಯವನ ಮಾತ ಕಡೀದು. ಅವಾ ಏನು ಕಂಡ್ನೋ ಅದನ್ನ ಹೇಳಬೇಕು. ಮೊದಲಿಂದ್ಲೂ ಹಂಗ. ದಯಾ ಅಲ್ಲದು."

ಅವತ್ತು ಅದನ್ನೇ ಹೇಳಿಕೊಡಲು ಹೊರಟಿದ್ದ. ನಾನು ಬಾಯಿ ಮುಚ್ಚಿಸಿದೆ.

"ಹಂಗಾದ್ರ ಗೆದ್ದದ್ದು ನಾವ," ಎಂದೆ. "ಏಳು, ನಾಳೆ ಹೋಗೂಣು."

"ಕ್ಯಾಪ್ಟನ್ ಮತ್ತ ಎಸೀತೀನಿ ಅಂದ್ಲು, ಎಸೆದ್ಲು. ಬಿದ್ದದ್ದು ಐದು."

೪ ಮಾರ್ಚ್, ಗುರುವಾರ

ಮಧ್ಯಾಹ್ನ ಸಮದ ಬಂದ. ಕೆಲಸಕ್ಕೆ ರಜೆ ಹಾಕಿ, ಕಪ್ಪನ್ನು ಪಂಜಿ ಬಟ್ಟೆಯಲ್ಲಿ ಸುತ್ತಿಕೊಂಡು. ಹೊಸ್ತಿಲಲ್ಲೇ ಅವನ ಎರಡೂ ಕೈ ಹಿಡಿದು ಮಿರಜಿನ ಮಾತು ಹೇಳಿಬಿಟ್ಟೆ. ಜೀವಮಾನದಲ್ಲಿ ಯಾರನ್ನೂ ಬೇಡಿದವಳಲ್ಲ. "ಗೆದ್ದೀರಿ ಅಂತ ಹೇಳಪಾ. ನಿನ್ನ ಮಾತು ಕೇಳ್ತಾನ."

ಹಾಸಿಗೆಯ ಬಳಿ ಕೂತು ಹೇಳಿದ. "ದೋಸ್ತ, ನಾ ಆರು ಅಂದಿದ್ದೆ. ಮ್ಯಾಚ್ ನಿಂದು. ಕಪ್ ಹಿಡಿ."

"ಆಮ್ಯಾಲ ಎಸೆದದ್ದು ಎಲ್ಲಿ ಒಗೀಲಿ?"

"ಬಾಯಾರಿಗೆ ಗೊತ್ತಿರಲಿಲ್ಲೋ ಮಾರಾಯಾ!"

"ನಮ್ಮ ಆಯಿ ಎಸೆದದ್ದು ಲೆಕ್ಕಕ್ಕಿಲ್ಲ ಅಂತೀ ಏನು?" ಅಷ್ಟು ಊದಿದ ಮುಖದಲ್ಲೂ ಗರ್ವ. "ಆಕಿ ಎಸೆದದ್ದ ಖರೇ. ಕಪ್ ಒಯ್ಯಿ, ಸಮದ."

ಸಮದ ಅಡಿಗೆಮನೆಗೆ ಬಂದು ಅತ್ತ. ಚಹಾ ಮಾಡಿಕೊಟ್ಟೆ. ಅವನ ಎದುರೇ ಕೂತು ನಾನೂ ಕುಡಿದೆ. ಈಗ ಕುಡಿದರೆ ಏನು ಬಂತು.

ಕಪ್ಪನ್ನು ಇಲ್ಲೇ ಮರೆತಂತೆ ಮಾಡಿ ಬಿಟ್ಟುಹೋದ. ಸಂಜೆ ಅದನ್ನು ಕಂಡ ತ್ರ್ಯಂಬಕ ಅವಧೂತನ ಕೈಯಲ್ಲಿ ತಿರುಗಿ ಕಳಿಸಿದ. ಕಾಗದದ ಆಟಕ್ಕೆ ನಗುತ್ತಿದ್ದ ಅವಧೂತನೇ ಖಾನಾಪುರದ ಬಸ್ಸು ಹತ್ತಿದ.

೧೨ ಮಾರ್ಚ್, ಶುಕ್ರವಾರ

ಡಾಕ್ಟರು ಬಂದಿದ್ದರು. ಈಗ ಮಿರಜಿನ ಹೆಸರೆತ್ತಲಿಲ್ಲ. ನಾನೇ ಎತ್ತಿದೆ. ಈ ಮೈಗೆ ಇನ್ನು ಆ ದಾರಿ ತಡೆಯದು ಎಂದರು. ಅವಧೂತ ಟ್ಯಾಕ್ಸಿಯವನಿಗೆ ಬೇಡವೆಂದು ಹೇಳಿಬಂದ.

ಎಚ್ಚರ ಬಂದಾಗ ತ್ರ್ಯಂಬಕ ಒಮ್ಮೆ ಕೇಳಿದ — ಭರಮಪ್ಪ ಹೆಂಗದಾನ, ಆಯಿ? ಚೆನ್ನಾಗಿದ್ದಾನೆ ಎಂದೆ. ಮುಂದಿನ ವರ್ಷ ಅವನನ್ನು ತೆಗೆಯಬಾರದಂತೆ. ತೆಗೆಯುವುದಿಲ್ಲ ಎಂದೆ.

೧೬ ಮಾರ್ಚ್, ಮಂಗಳವಾರ, ಮಧ್ಯಾಹ್ನ

ಬೆಳಗಿನಿಂದ ಕಣ್ಣು ತೆರೆದಿಲ್ಲ. ಉಸಿರು ಗೊರಗೊರ ಎನ್ನುತ್ತಿದೆ. ಗಂಜಿ ಕಾಯಿಸಲಿಲ್ಲ. ಸಮದ, ರಾಜಬೀ ಹೊರಗಿನ ಕೋಣೆಯಲ್ಲಿ ಕೂತಿದ್ದಾರೆ, ಅವಧೂತ ಬಾಗಿಲಲ್ಲಿ.

ಹಿತ್ತಾಳೆ ತಾಟನ್ನು ತಂದು ಅವನ ಕೈಯ ಪಕ್ಕ ಇಟ್ಟೆ. ದಾಳ ಎಸೆಯಲಿಲ್ಲ. ಅಂಚಿಗೆ ಓರೆಯಾಗಿ ನಾನೇ ಒರಗಿಸಿದೆ, ಆರು ಕಾಣುವಂತೆ. ಹೌದು, ನನ್ನ ಕೈಯಾರೆ.

"ತ್ರ್ಯಂಬಕಾ, ಭರಮಪ್ಪ ಆಡಾಕತ್ಯಾನ. ದಾಳ ಓರೆ ನಿಂತೈತಿ. ಇದು ನಮ್ಮನಿ. ಮನಿಯಾಕಿ ಮಾತ ಕಡೀದು. ಆರು ಅಂತೀನಿ ನಾ. ಗೆದ್ದೀವಿ. ಏಳಪಾ, ಮಿರಜಿಗೆ ಹೋಗೂಣು."

ಅವನ ಬೆರಳು ಅಲುಗಿದಂತಾಯಿತು. ತಾಟಿಗೆ ತಗುಲಿ ದಾಳ ಉರುಳಿತು. ಎಷ್ಟು ಬಿತ್ತೆಂದು ನೋಡಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದೆ. ಇನ್ನೂ ನೋಡಿಲ್ಲ. ದಾಳದ ಮೇಲೆ ಎಡ ಅಂಗೈ ಮುಚ್ಚಿ ಕೂತು ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಅವಧೂತ ಕರೆಯುತ್ತಿದ್ದಾನೆ... ಆಯಿ, ಉಸಿರು...